ಹೆಸರು ಬದಲಿಸಿದ ಬಡ್ಡಿ ಮತ್ತು ನಮ್ಮ ಮನೆಗಳ ಲೆಕ್ಕ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲೂಕುಗಳ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮನೆಯ ಖರ್ಚು ಮತ್ತು ಹಣ ಪಾವತಿಯ ಹೊಸ ವಿಧಾನಗಳ ಕುರಿತು ಮಾತನಾಡಬೇಕೆಂದು ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ಕ್ರೆಡಿಟ್ ಕಾರ್ಡ್ ಎಂದ ಕೂಡಲೇ, ಇದು ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ಸಮಸ್ಯೆ, ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಕೆಲವು ವರ್ಷಗಳ ಹಿಂದೆ ನಮಗೂ ಹಾಗೆಯೇ ಅನಿಸುತ್ತಿತ್ತು. ಆದ್ದರಿಂದ ಇತರರ ಮನೆಯ ಕಥೆಯಿಂದ ಆರಂಭಿಸದೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇವೆ. ಉಪದೇಶ ಮಾಡುವವನು ಮೊದಲು ತನ್ನ ಲೆಕ್ಕವನ್ನು ಒಪ್ಪಿಸಬೇಕು.

ನಾವು ಮದರಸದಲ್ಲಿ ಓದಿದವರು. ಬಡ್ಡಿ ಯಾವುದು, ವ್ಯಾಪಾರ ಯಾವುದು ಎಂಬುದನ್ನು ಫಿಕ್ಹ್‌ನ ಕ್ರಯವಿಕ್ರಯದ ಅಧ್ಯಾಯದಲ್ಲಿ ತಿಂಗಳುಗಟ್ಟಲೆ ಕಲಿತವರು. ಆ ಬಳಿಕ ಬಿ.ಎ. ಪದವಿಯನ್ನೂ ಪಡೆದೆವು. ಪತ್ರಿಕೆಯಲ್ಲಿ ವರದಕ್ಷಿಣೆಯ ವಿರುದ್ಧ, ದುಂದುವೆಚ್ಚದ ವಿರುದ್ಧ ಲೇಖನಗಳನ್ನು ಬರೆದೆವು. ಹೀಗಿರುತ್ತಾ ಸಂಬಳದ ಖಾತೆ ತೆರೆದ ಬ್ಯಾಂಕಿನಿಂದ ಒಂದು ದಿನ ಕರೆ ಬಂತು. ‘ಸರ್, ನಿಮಗೆ ಕಾರ್ಡ್ ಮಂಜೂರಾಗಿದೆ, ಜೀವಮಾನವಿಡೀ ಶುಲ್ಕವಿಲ್ಲ’ ಎಂದರು. ಪಡೆದುಕೊಂಡೆವು. ಒಂದು ವರ್ಷ ಅದು ಬೀರುವಿನಲ್ಲಿಯೇ ಇತ್ತು. ತಂಗಿಯ ಮದುವೆ ಗೊತ್ತಾದಾಗ ಅದು ಹೊರಗೆ ಬಂತು. ಗಂಡಿನ ಕಡೆಯವರು ಏನನ್ನೂ ಕೇಳಿರಲಿಲ್ಲ. ಆದರೂ ನಾಲ್ಕು ಜನರ ಮುಂದೆ ತಲೆ ತಗ್ಗಬಾರದೆಂದು ಮೈಸೂರಿನ ಅಂಗಡಿಯೊಂದರಲ್ಲಿ ಮಂಚ, ಬೀರು, ಫ್ರಿಜ್ ಖರೀದಿಸಿ ಕಾರ್ಡ್ ಉಜ್ಜಿದೆವು. ಒಟ್ಟು 40,000 ರೂಪಾಯಿ. ಜಹೇಝ್ ವಿರುದ್ಧ ಬರೆದ ಕೈಯೇ ಆ ರಶೀದಿಗೆ ಸಹಿ ಹಾಕಿತು.

ಮುಂದಿನ ತಿಂಗಳು ಬಿಲ್ಲು ಬಂತು. ಅದರಲ್ಲಿ ಎರಡು ಅಂಕಿಗಳಿದ್ದವು. ಒಟ್ಟು ಬಾಕಿ 40,000. ಕನಿಷ್ಠ ಪಾವತಿ 2,000. ಕೈಯಲ್ಲಿ ಇದ್ದುದು ಎರಡು ಸಾವಿರವೇ. ಕಟ್ಟಿದೆವು. ಯಾರೂ ಮನೆ ಬಾಗಿಲಿಗೆ ಬರಲಿಲ್ಲ, ಯಾರೂ ಕರೆ ಮಾಡಲಿಲ್ಲ. ‘ಧನ್ಯವಾದ’ ಎಂಬ ಸಂದೇಶ ಮಾತ್ರ ಬಂತು. ಹೀಗೆ ಒಂದು ವರ್ಷ ಕಟ್ಟುತ್ತಾ ಹೋದೆವು. ಮನೆಯಲ್ಲಿ ಕೇಳಿದರೆ, ‘ಮದುವೆಯ ಖರ್ಚೆಲ್ಲ ಮುಗಿದಿದೆ’ ಎನ್ನುತ್ತಿದ್ದೆವು.

ಒಂದು ದಿನ ಪಡಿತರ ಚೀಟಿ ಹುಡುಕುತ್ತಿದ್ದ ಪತ್ನಿಯ ಕೈಗೆ ಆ ಬಿಲ್ಲುಗಳ ಕಟ್ಟು ಸಿಕ್ಕಿತು. ಅವರು ಓದಿದ್ದು ಹತ್ತನೆಯ ತರಗತಿಯವರೆಗೆ. ಬಿಲ್ಲುಗಳನ್ನು ಒಂದೊಂದಾಗಿ ನೋಡಿ, ‘ಇದರಲ್ಲಿ ಪ್ರತಿ ತಿಂಗಳೂ ಫೈನಾನ್ಸ್ ಚಾರ್ಜ್ ಎಂದು ಸಾವಿರದ ಮೇಲೆ ಬರೆದಿದ್ದಾರಲ್ಲ, ಏನದು?’ ಎಂದು ಕೇಳಿದರು. ನಾವು ಏನೋ ಹೇಳಲು ಹೊರಟೆವು. ಅವರು ಮತ್ತೆ ಕೇಳಿದರು: ‘ಇದು ಬಡ್ಡಿಯಲ್ಲವೇ?’

ಮದರಸದ ಅಷ್ಟು ವರ್ಷಗಳ ಓದು ಹೇಳದೇ ಇದ್ದುದನ್ನು ಆ ಪ್ರಶ್ನೆ ಹೇಳಿತು. ಓದು ಹೇಳಿರಲಿಲ್ಲವೆಂದಲ್ಲ, ಕೇಳಿಸಿಕೊಳ್ಳಲು ನಾವು ಸಿದ್ಧರಿರಲಿಲ್ಲ. ಬಡ್ಡಿ ಎಂದು ಕನ್ನಡದಲ್ಲಿ ಬರೆದಿದ್ದರೆ, ಸೂದ್ ಎಂದು ಉರ್ದುವಿನಲ್ಲಿ ಬರೆದಿದ್ದರೆ ಕೈ ನಡುಗುತ್ತಿತ್ತು. ಹೆಸರು ಬದಲಾಗಿತ್ತು, ಅಷ್ಟೇ.

ಲೆಕ್ಕ ಹೀಗಿದೆ

ಈ ಲೆಕ್ಕವನ್ನು ನೀವು ಮನೆಗೆ ಹೋಗಿ ಮಕ್ಕಳಿಂದಲೂ ಮಾಡಿಸಬಹುದು. ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ ಎಂದಿಟ್ಟುಕೊಳ್ಳಿ. 40,000ಕ್ಕೆ ಬಡ್ಡಿ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 252 ರೂಪಾಯಿ. ಒಟ್ಟು 1,652. ನೀವು ಬಾಕಿಯ ಶೇಕಡಾ 5ರಂತೆ 2,000 ಕಟ್ಟಿದರೆ ಅಸಲಿಗೆ ಸೇರುವುದು ಕೇವಲ 348 ರೂಪಾಯಿ. ಹೊಸದಾಗಿ ಒಂದು ಪೈಸೆಯ ಖರೀದಿಯನ್ನೂ ಮಾಡದೆ ಇದೇ ರೀತಿ ವರ್ಷವಿಡೀ ಕನಿಷ್ಠ ಮೊತ್ತವನ್ನು ಕಟ್ಟಿದರೆ, ಕೈಬಿಟ್ಟು ಹೋಗುವುದು ಸುಮಾರು 22,900 ರೂಪಾಯಿ. ಸಾಲ ಇಳಿಯುವುದು ಸುಮಾರು 4,000. ವರ್ಷದ ಕೊನೆಯಲ್ಲಿಯೂ 36,000 ರೂಪಾಯಿ ಬಾಕಿ ನಿಂತಿರುತ್ತದೆ. ನಮ್ಮ ಬಿಲ್ಲುಗಳ ಕಟ್ಟು ಹೇಳಿದ್ದೂ ಇದನ್ನೇ.

ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ 42. ಸಂತೆಯಲ್ಲಿ ಇಂಥ ಬಡ್ಡಿಗೆ ಹಣ ಕೊಡುವವನನ್ನು ನಾವು ಮೀಟರ್ ಬಡ್ಡಿಯವನು ಎನ್ನುತ್ತೇವೆ, ಅವನೊಡನೆ ಹೆಣ್ಣು ಗಂಡಿನ ಸಂಬಂಧ ಬೆಳೆಸಲು ಹಿಂಜರಿಯುತ್ತೇವೆ. ವಿಪರೀತ ಬಡ್ಡಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ 2004ರಲ್ಲಿ ಕಾನೂನೇ ಬಂದಿದೆ. ಆದರೆ ಹೊಳೆಯುವ ಕಾರ್ಡಿನ ಬಡ್ಡಿಗೆ ಆ ಕೆಟ್ಟ ಹೆಸರು ಅಂಟಿಲ್ಲ.

ಇದಕ್ಕೊಂದು ಮಿತಿ ಇಲ್ಲವೇ ಎಂದು ನೀವು ಕೇಳಬಹುದು. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ವಸೂಲಿ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಅಂದರೆ ಬಡ್ಡಿ ಇಷ್ಟೇ ಇರಬೇಕೆಂದು ನಮ್ಮ ಪರವಾಗಿ ಗೆರೆ ಎಳೆದಿದ್ದ ಆಯೋಗದ ಮಾತು ಈಗ ಉಳಿದಿಲ್ಲ. ಗೆರೆಯನ್ನು ನಮ್ಮ ಮನೆಯಲ್ಲಿ ನಾವೇ ಎಳೆಯಬೇಕಾಗಿದೆ.

ನಾಣ್ಯದಿಂದ ಸ್ಕ್ಯಾನ್‌ವರೆಗೆ

ನಾವು ಕುಳಿತಿರುವ ಈ ಪ್ರದೇಶಕ್ಕೆ ಹಣದ ಚರಿತ್ರೆ ಹೊಸತಲ್ಲ. ಶ್ರೀರಂಗಪಟ್ಟಣದ ಟಂಕಸಾಲೆಯಿಂದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಂಠೀರಾಯಿ ಹಣ ಹೊರಟಿತ್ತು. ಟಿಪ್ಪು ಸುಲ್ತಾನರ ಕಾಲದಲ್ಲಿ ಅಹ್ಮದಿ, ಸಿದ್ದೀಕಿ, ಫಾರೂಕಿ ಎಂಬ ಚಿನ್ನದ ನಾಣ್ಯಗಳೂ ಹೈದರಿ, ಇಮಾಮಿ ಎಂಬ ಬೆಳ್ಳಿಯ ನಾಣ್ಯಗಳೂ ಹೊರಟವು. ಆ ನಾಣ್ಯಗಳಿಗೆ ತೂಕವಿತ್ತು. ಕೈಯಿಂದ ಹೋದಾಗ ಹೋಯಿತೆಂಬುದು ಕೈಗೆ ತಿಳಿಯುತ್ತಿತ್ತು. ಕಾಗದದ ನೋಟಿನಲ್ಲಿ ಆ ತೂಕ ಇಲ್ಲವಾಯಿತು, ಆದರೂ ಕಿಸೆ ತೆಳ್ಳಗಾಗುವುದು ಗೊತ್ತಾಗುತ್ತಿತ್ತು. ಕೆ.ಆರ್. ಪೇಟೆಯಿಂದ ಮುಂಬೈಗೆ ದುಡಿಯಲು ಹೋದವರು ಕಳುಹಿಸುತ್ತಿದ್ದ ಮನಿಯಾರ್ಡರನ್ನು ತಾಯಂದಿರು ಅಂಚೆಯಣ್ಣನ ಮುಂದೆ ಎರಡು ಬಾರಿ ಎಣಿಸಿ ಪಡೆಯುತ್ತಿದ್ದರು.

ಸಾಲವೂ ಹೊಸತಲ್ಲ. ಕಬ್ಬು ಬೆಳೆಯುವ ನಾಡಿನಲ್ಲಿ ಕಾರ್ಖಾನೆಯಿಂದ ಕಬ್ಬಿನ ಹಣ ಕೈಸೇರುವವರೆಗೆ ರೈತ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾನೆ. ರೈತನ ಕೈಗೆ ದುಡ್ಡು ಬಂದಾಗಲೇ ಪಾಂಡವಪುರದ ನಮ್ಮ ಅಂಗಡಿಗಳಿಗೂ ದುಡ್ಡು ಬರುವುದು. ಈ ಉದ್ರಿ ಪದ್ಧತಿಯನ್ನು ಹೊಗಳಲು ನಾವು ಬಂದಿಲ್ಲ. ಅದರಲ್ಲಿ ಹೆಚ್ಚಿನ ಬೆಲೆ ಇತ್ತು, ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವ ಅವಮಾನವೂ ಇತ್ತು. ಆದರೆ ಅಂಗಡಿಯವರಿಗೆ ಮನೆಯ ಪರಿಸ್ಥಿತಿ ತಿಳಿದಿತ್ತು. ‘ಸಾಹೇಬರೇ, ಹಳೆಯದು ಸ್ವಲ್ಪ ತೀರಿಸಿ, ಆಮೇಲೆ ಹೊಸದು ಬರೆಯೋಣ’ ಎಂದು ಅವರು ತಡೆಯುತ್ತಿದ್ದರು. ಕಾರ್ಡ್ ತಡೆಯುವುದಿಲ್ಲ. ನೀವು ಕನಿಷ್ಠ ಮೊತ್ತ ಕಟ್ಟುತ್ತಿದ್ದರೆ ಮಿತಿಯನ್ನು ಏರಿಸುವ ಆಹ್ವಾನವನ್ನೇ ಕಳುಹಿಸುತ್ತದೆ.

ಕಾರ್ಡ್ ಹುಟ್ಟಿದಾಗ ಹೀಗಿರಲಿಲ್ಲ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಬಂದಾಗ ತಿಂಗಳ ಬಿಲ್ಲನ್ನು ಪೂರ್ತಿ ತೀರಿಸಬೇಕಾಗಿತ್ತು. 1958ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಪಟ್ಟಣದ ಜನರಿಗೆ ಬ್ಯಾಂಕ್ ಆಫ್ ಅಮೆರಿಕ, ಅವರು ಕೇಳದೆಯೇ, ಅರವತ್ತು ಸಾವಿರದಷ್ಟು ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಸ್ವಲ್ಪ ಕಟ್ಟಿ, ಉಳಿದುದನ್ನು ಬಡ್ಡಿಯೊಂದಿಗೆ ಮುಂದೂಡುವ ಅವಕಾಶ ಅದರಲ್ಲಿತ್ತು. ಇಂದಿನ ವೀಸಾದ ಮೂಲ ಅದೇ. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಕ್ರೆಡಿಟ್ ಕಾರ್ಡ್ ನೀಡಿತು. ಪೂರ್ತಿ ತೀರಿಸುವ ಗ್ರಾಹಕನಿಂದ ಬ್ಯಾಂಕಿಗೆ ಬಡ್ಡಿ ಹುಟ್ಟುವುದಿಲ್ಲ. ಮುಂದೂಡುವವನಿಂದಲೇ ಬಡ್ಡಿ ಹುಟ್ಟುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ‘ಕನಿಷ್ಠ ಪಾವತಿ’ ಎಂಬ ಪದ ಯಾರ ಅನುಕೂಲಕ್ಕಾಗಿ ಇದೆ ಎಂಬುದು ಅರ್ಥವಾಗುತ್ತದೆ.

ಆದರೂ ಬಹುಕಾಲ ನಮ್ಮ ಚಿಕ್ಕ ಪಟ್ಟಣಗಳಿಗೆ ಒಂದು ರಕ್ಷಣೆ ಇತ್ತು. ಕಾರ್ಡ್ ಉಜ್ಜುವ ಯಂತ್ರ ನಾಗಮಂಗಲದ ಎಲ್ಲ ಅಂಗಡಿಗಳಲ್ಲಿ ಎಲ್ಲಿತ್ತು? ಅದಕ್ಕಾಗಿ ಮೈಸೂರಿನ ದೊಡ್ಡ ಅಂಗಡಿಗೇ ಹೋಗಬೇಕಿತ್ತು. ಆಮೇಲೆ ಎರಡು ಘಟನೆಗಳು ನಡೆದವು. 2016ರಲ್ಲಿ ಯುಪಿಐ ಆರಂಭವಾಯಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಕೊರೋನಾದ ಕಾಲದಲ್ಲಿ ನೋಟು ಮುಟ್ಟುವುದಕ್ಕೂ ಜನರು ಹೆದರಿದರು. ಇಂದು ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಫಲಕ ತೂಗುತ್ತದೆ. 2025ರ ಆಗಸ್ಟ್‌ನಲ್ಲಿ ದೇಶದಲ್ಲಿ ಒಂದೇ ತಿಂಗಳಿಗೆ ಎರಡು ಸಾವಿರ ಕೋಟಿಗೂ ಹೆಚ್ಚು ಬಾರಿ ಯುಪಿಐ ಪಾವತಿಗಳು ನಡೆದವು.

ಯುಪಿಐಯಲ್ಲಿ ತಪ್ಪೇನೂ ಇಲ್ಲ. ನಮ್ಮ ಖಾತೆಯ ನಮ್ಮದೇ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಇದು ಸಣ್ಣ ವ್ಯಾಪಾರಿಗೂ ಉಪಕಾರ, ಮುಂಬೈಯಲ್ಲಿರುವ ಮಗನಿಗೂ ಉಪಕಾರ. ಆದರೆ 2022ರಿಂದ ರೂಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸುವ ವ್ಯವಸ್ಥೆ ಬಂದಿದೆ. ಈಗ ಅದೇ ಫೋನು, ಅದೇ ಸ್ಕ್ಯಾನ್, ಅದೇ ಟಿಣ್ ಎಂಬ ಸದ್ದು. ಹಣ ಉಳಿತಾಯ ಖಾತೆಯಿಂದ ಹೋಯಿತೇ, ಸಾಲವಾಗಿ ಹೋಯಿತೇ ಎಂಬುದು ಪರದೆಯ ಒಂದು ಸಣ್ಣ ಸಾಲಿನಲ್ಲಿ ಮಾತ್ರ ಕಾಣುತ್ತದೆ. ಸ್ವಂತ ಹಣಕ್ಕೂ ಸಾಲದ ಹಣಕ್ಕೂ ನಡುವೆ ಇದ್ದ ಗೋಡೆ ಬಿದ್ದಿದೆ. ಸಂತೆಯಲ್ಲಿ ಅರ್ಧ ಕಿಲೋ ಟೊಮೆಟೊ ಕೊಳ್ಳುವಾಗಲೂ ಸಾಲಗಾರನಾಗುವ ಸೌಲಭ್ಯ ಕೆ.ಆರ್. ಪೇಟೆಗೆ ಬಂದಿದೆ. ಕಾರ್ಡಿನ ವಿಷಯ ಬೆಂಗಳೂರಿನವರದು ಎಂದು ನಾವು ಇನ್ನು ಹೇಳುವಂತಿಲ್ಲ.

ಸಿಹಿ ಹೆಸರುಗಳು

ಇನ್ನೂ ಕೆಲವು ಹೆಸರುಗಳನ್ನು ಗುರುತಿಸಿಕೊಳ್ಳಿ. ‘ಬಡ್ಡಿಯಿಲ್ಲದ ಕಂತು’ ಎಂದು ಮೊಬೈಲ್ ಅಂಗಡಿಯ ಹುಡುಗ ಹೇಳುತ್ತಾನೆ. ಕಾರ್ಡಿನ ಬಾಕಿಯ ಮೇಲೆ ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಸಾಮಾನ್ಯವಾಗಿ ನಗದು ಖರೀದಿಗೆ ಸಿಗಬೇಕಾಗಿದ್ದ ರಿಯಾಯಿತಿಯೇ ಬಡ್ಡಿಯ ಜಾಗಕ್ಕೆ ಹೋಗಿರುತ್ತದೆ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ಪೂರ್ತಿ ನಗದು ಕೊಟ್ಟರೆ ಎಷ್ಟು?’ ಉತ್ತರದಲ್ಲಿ ಬಡ್ಡಿ ಹೊರಬೀಳುತ್ತದೆ.

ಎರಡನೆಯದು, ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು. ಖರೀದಿಗೆ ಸಿಗುವ ನಲವತ್ತೈದು, ಐವತ್ತು ದಿನಗಳ ಬಡ್ಡಿರಹಿತ ಅವಧಿ ಇದಕ್ಕಿಲ್ಲ. ತೆಗೆದ ದಿನದಿಂದಲೇ ಬಡ್ಡಿ, ಅದರ ಮೇಲೆ ಶುಲ್ಕ. ಮೂರನೆಯದು, ಹಳೆಯ ಬಾಕಿ ಉಳಿದಿದ್ದರೆ ಹೊಸ ಖರೀದಿಗೂ ಆ ಉಚಿತ ಅವಧಿ ಸಿಗುವುದಿಲ್ಲ. ನಾಲ್ಕನೆಯದು, ಐದು ನಿಮಿಷದಲ್ಲಿ ಸಾಲ ಕೊಡುವ ಮೊಬೈಲ್ ಆ್ಯಪ್‌ಗಳು. ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಚಿತ್ರಗಳನ್ನೂ ಕದ್ದು, ಕಂತು ತಪ್ಪಿದಾಗ ಮಾನ ಕಳೆಯುವ ಬೆದರಿಕೆ ಹಾಕಿದ ಆ್ಯಪ್‌ಗಳಿಂದ ಪ್ರಾಣ ಕಳೆದುಕೊಂಡವರೂ ದೇಶದಲ್ಲಿದ್ದಾರೆ. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ಪಟ್ಟಿಯನ್ನು ಮುಟ್ಟಬಾರದೆಂದು ನಿಯಮ ಮಾಡಿದೆ. ಆದರೆ ಕದಿಯಲೆಂದೇ ಬಂದವನು ನಿಯಮ ಓದಿ ಬರುವುದಿಲ್ಲ.

ಈ ಸರಪಳಿಯ ಕೊನೆಯ ಕೊಂಡಿಯನ್ನು ನಮ್ಮ ಸಹೋದರಿಯರು ಬಲ್ಲರು. ಗಂಡ ಅಥವಾ ಮಗ ಕಾರ್ಡಿನ ಬಾಕಿ ಕಟ್ಟಲಾಗದೆ ತತ್ತರಿಸಿದಾಗ, ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಸಾಲಕ್ಕೆ ಹೆಬ್ಬೆಟ್ಟು ಒತ್ತುವವರು ತಾಯಿ ಅಥವಾ ಪತ್ನಿ. ವಾರದ ಕಂತಿಗೆ ಬಾಗಿಲ ಮುಂದೆ ಬಂದು ನಿಲ್ಲುವವರಿಗೆ ಉತ್ತರಿಸಬೇಕಾದವರೂ ಅವರೇ. 2025ರ ಆರಂಭದಲ್ಲಿ ಮಂಡ್ಯ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿಯ ಕಿರುಕುಳದಿಂದ ಜನರು ಊರು ಬಿಟ್ಟರು, ಆತ್ಮಹತ್ಯೆಗಳೂ ನಡೆದವು. ಆ ಫೆಬ್ರವರಿಯಲ್ಲಿ ಸರ್ಕಾರ ಅಧ್ಯಾದೇಶ ತಂದು, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿವರೆಗಿನ ದಂಡವನ್ನು ನಿಗದಿಪಡಿಸಿತು. ಕಾನೂನು ಬೆದರಿಕೆಯನ್ನು ತಡೆಯಬಹುದು. ಸಾಲವನ್ನು ತೀರಿಸುವುದಿಲ್ಲ.

ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ನಮ್ಮವರು ಕೇವಲ ದುರಾಸೆಯಿಂದ ಇಲ್ಲಿಗೆ ಬಂದವರಲ್ಲ. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲ ಕೊಡಬಾರದ ವಲಯಗಳೆಂದು ಗುರುತಿಸಿವೆ ಎಂಬುದನ್ನು 2006ರ ಸಾಚಾರ್ ವರದಿ ದಾಖಲಿಸಿತ್ತು. ಗ್ಯಾರೇಜಿಗೆ, ಹಣ್ಣಿನ ಅಂಗಡಿಗೆ ನ್ಯಾಯವಾದ ದರದ ಸಾಲ ಸಿಗದವನಿಗೆ ಸುಲಭವಾಗಿ ಸಿಗುವುದು ದುಬಾರಿ ಸಾಲ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಅಂಗಡಿಗಳು ಸುಟ್ಟುಹೋದವು. ಬೆಂಕಿಯಲ್ಲಿ ಸರಕು ಸುಡುತ್ತದೆ, ಸರಕಿನ ಮೇಲಿನ ಸಾಲ ಸುಡುವುದಿಲ್ಲ. ಆದುದರಿಂದ ಸರ್ಕಾರದ ಹೊಣೆಯನ್ನು ಕೇಳುತ್ತಲೇ ಇರಬೇಕು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲ ಯೋಜನೆಗಳಿಗೆ ಸಮಯಕ್ಕೆ ಸರಿಯಾಗಿ ಅರ್ಜಿ ಹಾಕುವುದನ್ನೂ ಕಲಿಯಬೇಕು. ಆಸ್ಪತ್ರೆಯಲ್ಲಿ ಕಾರ್ಡ್ ಉಜ್ಜುವ ಮೊದಲು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆಯೆಂಬುದು ನೆನಪಿಗೆ ಬರಬೇಕು.

ಧರ್ಮ ಏನನ್ನುತ್ತದೆ?

ಕಾರ್ಡ್ ಇಟ್ಟುಕೊಳ್ಳಬಹುದೇ ಎಂದು ಅನೇಕರು ಕೇಳುತ್ತಾರೆ. ಫತ್ವಾ ಕೊಡುವ ಅರ್ಹತೆ ನಮಗಿಲ್ಲ. ವಿದ್ವಾಂಸರು ಹೇಳಿರುವುದನ್ನು ತಿಳಿಸಬಹುದು. ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಹದಿನೈದನೆಯ ಸಮ್ಮೇಳನ 2006ರಲ್ಲಿ ಇಲ್ಲೇ ಪಕ್ಕದ ಮೈಸೂರಿನಲ್ಲಿ ನಡೆಯಿತು. ಬ್ಯಾಂಕುಗಳು ನೀಡುವ ವಿವಿಧ ಕಾರ್ಡುಗಳ ವಿಷಯ ಅಲ್ಲಿ ಚರ್ಚೆಗೆ ಬಂತು. ಎಟಿಎಂ ಮತ್ತು ಡೆಬಿಟ್ ಕಾರ್ಡುಗಳ ಬಳಕೆಗೆ ಅಡ್ಡಿಯಿಲ್ಲ, ಬಡ್ಡಿಯ ಕರಾರನ್ನು ಒಳಗೊಂಡ ಪ್ರಚಲಿತ ಕ್ರೆಡಿಟ್ ಕಾರ್ಡನ್ನು ಪಡೆಯುವುದು ಸರಿಯಲ್ಲ ಎಂಬ ನಿಲುವನ್ನು ಅಲ್ಲಿ ತಾಳಲಾಯಿತು. 2000ದಲ್ಲಿ ರಿಯಾದ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯ ನಿಲುವೂ ಇಂಥದೇ. ಅನಿವಾರ್ಯವಾದಾಗ ಬಳಸಿ, ಗಡುವಿನೊಳಗೆ ಪೂರ್ತಿ ತೀರಿಸುವವನಿಗೆ ರಿಯಾಯಿತಿ ತೋರುವ ವಿದ್ವಾಂಸರೂ ಇದ್ದಾರೆ. ಆದರೆ ಬಾಕಿಯನ್ನು ಮುಂದೂಡಿ ಬಡ್ಡಿ ಕಟ್ಟುವುದಕ್ಕೆ ಯಾರ ಅನುಮತಿಯೂ ಇಲ್ಲ. ನಾವು ಮಾಡಿದ್ದು ಅದನ್ನೇ.

ಪ್ರವಾದಿವರ್ಯರು(ಸ) ತಮ್ಮ ಪ್ರಾರ್ಥನೆಗಳಲ್ಲಿ ಸಾಲದಿಂದ ಅಲ್ಲಾಹನ ರಕ್ಷಣೆ ಬೇಡುತ್ತಿದ್ದರು. ಇಷ್ಟೊಂದು ಏಕೆ ಬೇಡುತ್ತೀರೆಂದು ಕೇಳಿದಾಗ, ಸಾಲಗಾರನಾದವನು ಮಾತಿನಲ್ಲಿ ಸುಳ್ಳಾಡುತ್ತಾನೆ, ಮಾತು ಕೊಟ್ಟು ತಪ್ಪುತ್ತಾನೆ ಎಂಬ ಅರ್ಥದ ಉತ್ತರ ಕೊಟ್ಟರು. ಮದರಸದಲ್ಲಿ ಈ ಹದೀಸನ್ನು ಓದಿದಾಗ ಇದು ವ್ಯಾಪಾರಿಗಳ ಕುರಿತಾದುದು ಎಂದುಕೊಂಡಿದ್ದೆವು. ‘ಮದುವೆಯ ಖರ್ಚೆಲ್ಲ ಮುಗಿದಿದೆ’ ಎಂದು ಒಂದು ವರ್ಷ ಮನೆಯವರಿಗೆ ಹೇಳಿದೆವಲ್ಲ, ಆಗ ಅದು ನಮ್ಮ ಕುರಿತಾದುದೆಂದು ಅರ್ಥವಾಯಿತು. ಕಾರ್ಡಿನ ಸಾಲಕ್ಕೆ ಮನೆಯವರ ಸಹಿ ಬೇಡ, ಸಾಕ್ಷಿ ಬೇಡ. ಆದ್ದರಿಂದಲೇ ಅದು ಗುಟ್ಟಾಗಿ ಬೆಳೆಯುತ್ತದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಇರುವುದು ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಕುರಿತು. ಸಾಲ ಬೆಳಕಿನಲ್ಲಿರಬೇಕು ಎಂಬುದು ಅದರ ತಿರುಳು.

ನಮ್ಮ 36,000ವನ್ನು ತೀರಿಸಿದ್ದು ಹೇಗೆಂದು ಹೇಳದೆ ಹೋದರೆ ಲೆಕ್ಕ ಅಪೂರ್ಣವಾಗುತ್ತದೆ. ಕೆ.ಆರ್. ಪೇಟೆಯಲ್ಲಿ ನಮ್ಮ ಮಾಮು ಇದ್ದಾರೆ, ತಾಯಿಯ ಅಣ್ಣ. ಮುಂಬೈಯ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ಪತ್ನಿಯ ಒತ್ತಾಯಕ್ಕೆ ಅವರ ಬಳಿ ಹೋದೆವು. ಎಲ್ಲವನ್ನೂ ಕೇಳಿದ ಅವರು ಬೈಯಲಿಲ್ಲ. ‘ಮೊದಲೇ ಯಾಕೆ ಹೇಳಲಿಲ್ಲ ಬೇಟಾ?’ ಎಂದು ಮಾತ್ರ ಕೇಳಿದರು. ಒಂದು ಹಾಳೆಯಲ್ಲಿ ಬರೆಸಿದರು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರು, ಹಣ ಕೊಟ್ಟರು. ತಿಂಗಳಿಗೆ 3,600ರಂತೆ ಹತ್ತು ತಿಂಗಳು ಕೊಟ್ಟೆವು. ಹತ್ತನೆಯ ತಿಂಗಳು ಸಾಲ ಇರಲಿಲ್ಲ. ಬಡ್ಡಿ ಇಲ್ಲದ ಸಾಲ ಮುಗಿಯುತ್ತದೆ. ಆ ವ್ಯತ್ಯಾಸವನ್ನು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ಆ ಹಾಳೆ ನಮಗೆ ಕಲಿಸಿತು.

ಇಂದಿನಿಂದ ಮಾಡಬಹುದಾದುದು

ಮೊದಲನೆಯದಾಗಿ, ಮನೆಗೊಂದು ಲೆಕ್ಕದ ಪುಸ್ತಕವಿರಲಿ. ಫೋನು ತಾನಾಗಿಯೇ ಲೆಕ್ಕ ಇಡುತ್ತದೆ ಎನ್ನಬೇಡಿ; ಫೋನಿನ ಲೆಕ್ಕವನ್ನು ನೋಡುವವನು ಒಬ್ಬನೇ. ತಿಂಗಳ ಮೊದಲ ವಾರ ಒಂದು ಸಂಜೆ ಗಂಡ, ಹೆಂಡತಿ, ದುಡಿಯುವ ಮಕ್ಕಳು ಒಟ್ಟಿಗೆ ಕುಳಿತು ಯಾರಿಗೆ ಎಷ್ಟು ಕೊಡಬೇಕಿದೆ ಎಂಬುದನ್ನು ಬಾಯಿಬಿಟ್ಟು ಓದಲಿ.

ಎರಡನೆಯದಾಗಿ, ಪಾವತಿಗೆ ಡೆಬಿಟ್ ಕಾರ್ಡ್ ಮತ್ತು ಉಳಿತಾಯ ಖಾತೆಯ ಯುಪಿಐ ಸಾಕು. ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಇಂದೇ ಬೇರ್ಪಡಿಸಿ. ದಿನನಿತ್ಯದ ಖರ್ಚಿಗೆ ಬೇರೆಯೇ ಒಂದು ಖಾತೆ ಇಟ್ಟು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಅದಕ್ಕೆ ಹಾಕಿಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ, ಕಾರ್ಡಿನಲ್ಲಿ ಬಾಕಿ ಇದ್ದವರು ಮೊದಲು ಅದರಲ್ಲಿ ಖರೀದಿ ನಿಲ್ಲಿಸಿ. ಕನಿಷ್ಠ ಮೊತ್ತಕ್ಕೆ ತೃಪ್ತರಾಗದೆ ಸಾಧ್ಯವಾದಷ್ಟು ಹೆಚ್ಚು ಕಟ್ಟಿ. ಪೂರ್ತಿ ತೀರಿದ ಬಳಿಕ ಕಾರ್ಡ್ ಮುಚ್ಚಲು ಬರೆದು ಕೊಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು. ನೀವು ಕೇಳದೆ ಕಾರ್ಡ್ ಕೊಡುವುದನ್ನೂ ಅದೇ ನಿಯಮ ನಿಷೇಧಿಸಿದೆ. ದೂರಿಗೆ ಬ್ಯಾಂಕ್ ಮೂವತ್ತು ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು.

ನಾಲ್ಕನೆಯದಾಗಿ, ವಂಚನೆಯ ಕುರಿತು ಎರಡೇ ಮಾತು. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ನಿಮ್ಮ ಹಣ ಹೋಗುತ್ತಿದೆ ಎಂದರ್ಥ. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ಕೂಡಲೇ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ತಡಮಾಡಿದಷ್ಟೂ ನಷ್ಟ ನಿಮ್ಮ ತಲೆಗೇ ಬರುತ್ತದೆ.

ಐದನೆಯದಾಗಿ, ಅಂಗಡಿ ನಡೆಸುವವರು ಅಂಗಡಿಯ ಖಾತೆಯನ್ನೂ ಮನೆಯ ಖಾತೆಯನ್ನೂ ಬೇರೆ ಮಾಡಿ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳುಹಿಸಿದಾಗ ಅನೇಕರು ಹೆದರಿ ಕ್ಯೂಆರ್ ಫಲಕವನ್ನೇ ಕಿತ್ತರು. ಹಾಲು, ತರಕಾರಿ, ಮಾಂಸ, ಹಣ್ಣಿನಂಥ ವಿನಾಯಿತಿ ವಸ್ತುಗಳನ್ನು ಮಾರುವವರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯುವುದಾಗಿ ಮುಖ್ಯಮಂತ್ರಿಗಳು ಬಳಿಕ ತಿಳಿಸಿದರು. ಫಲಕ ಕೀಳುವುದು ಪರಿಹಾರವಲ್ಲ. ಭಾವನಿಂದ ಬಂದ ಕೈಸಾಲ, ಚೀಟಿಯ ಹಣ, ಅಂಗಡಿಯ ವ್ಯಾಪಾರ ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಯಾವುದು ಯಾವುದೆಂದು ಅಧಿಕಾರಿಗೆ ತೋರಿಸುವುದು ಕಷ್ಟ. ಎಷ್ಟೋ ಸಲ ನಮಗೇ ತಿಳಿದಿರುವುದಿಲ್ಲ.

ಕೊನೆಯದಾಗಿ, ಮಸೀದಿ ಸಮಿತಿಗಳ ಹಿರಿಯರಲ್ಲಿ ಒಂದು ವಿನಂತಿ. ಬಡ್ಡಿ ಹರಾಮ್ ಎಂದು ಜುಮಾ ಪ್ರವಚನದಲ್ಲಿ ಹೇಳುವುದು ಸುಲಭ. ಹೇಳಿದ ಮೇಲೆ, ಬಡ್ಡಿಯಲ್ಲಿ ಸಿಕ್ಕಿಕೊಂಡವನಿಗೆ ಹೊರಬರುವ ಬಾಗಿಲನ್ನೂ ತೋರಿಸಬೇಕು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರದೂ ಒಂದು ವರ್ಗ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ಪ್ರತಿ ಮಹಲ್ಲಾದಲ್ಲಿ ಸಣ್ಣದಾದರೂ ಒಂದು ಕರ್ಝೆ ಹಸನ ನಿಧಿ ಇರಲಿ. ಆದರೆ 2019ರ ಜೂನ್‌ನಲ್ಲಿ ಐಎಂಎ ಕುಸಿದುದನ್ನು ಮರೆಯಬೇಡಿ. ಹಲಾಲ್ ಎಂಬ ಹೆಸರನ್ನೇ ನಂಬಿ ಸಾವಿರಾರು ಕುಟುಂಬಗಳು ಮಕ್ಕಳ ಮದುವೆಯ ಹಣವನ್ನು ಕಳೆದುಕೊಂಡವು. ‘ಫೈನಾನ್ಸ್ ಚಾರ್ಜ್’ ಎಂಬ ಹೆಸರು ಬಡ್ಡಿಯನ್ನು ಮುಚ್ಚಿದಂತೆ ‘ಹಲಾಲ್’ ಎಂಬ ಹೆಸರು ವಂಚನೆಯನ್ನು ಮುಚ್ಚಿತು. ಆದ್ದರಿಂದ ನಿಧಿ ನೋಂದಣಿಯಾಗಿರಲಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ನಡೆಯಲಿ, ಜಮಾ ಖರ್ಚಿನ ಪಟ್ಟಿಯನ್ನು ಮಸೀದಿಯ ಫಲಕದಲ್ಲಿ ಹಚ್ಚಲಿ. ಲಾಭದ ಆಸೆ ತೋರಿಸುವ ನಿಧಿ ನಮಗೆ ಬೇಡ. ಸಾಲ ತೀರಿಸಲು ನೆರವಾಗುವ ನಿಧಿ ಸಾಕು.

ಸಹೋದರ ಸಹೋದರಿಯರೇ, ಈ ಸಭೆಯಲ್ಲಿಯೂ ಕಿಸೆಯಲ್ಲಿ ಬಿಲ್ಲು ಮಡಚಿಟ್ಟುಕೊಂಡು, ಮನೆಯಲ್ಲಿ ಹೇಳಲಾರದೆ ಕುಳಿತವರು ಇರಬಹುದು. ಅವರನ್ನು ನಾಚಿಸಲು ನಾವು ಇದನ್ನೆಲ್ಲ ಹೇಳಲಿಲ್ಲ. ಒಂದು ವರ್ಷ ನಾವೂ ಹಾಗೆಯೇ ಕುಳಿತಿದ್ದೆವು. ಇಂದು ರಾತ್ರಿ ಊಟವಾದ ಮೇಲೆ ಆ ಬಿಲ್ಲನ್ನು ಹೊರತೆಗೆದು ಮನೆಯವರ ಮುಂದೆ ಇಡಿ. ಒಂದಿಷ್ಟು ಹೊತ್ತು ಮನೆಯಲ್ಲಿ ಮಾತು ಬಿಗಡಾಯಿಸಬಹುದು. ಆದರೆ ಸಾಲ ಇಳಿಯತೊಡಗುವುದು ಆ ರಾತ್ರಿಯಿಂದಲೇ.

ಸಾಲದ ಹೊರೆಯಿಂದಲೂ ಅದು ಆಡಿಸುವ ಸುಳ್ಳಿನಿಂದಲೂ ಅಲ್ಲಾಹನು ನಮ್ಮೆಲ್ಲರ ಮನೆಗಳನ್ನು ಕಾಪಾಡಲಿ. ಆಮೀನ್.